ಎಡಕ್ಕೆ ತಿರುಗದ ದೋಣಿಗಳು

ಶ್ರೀನಿವಾಸಪುರದ ನಮ್ಮ ಮನೆಗೆ ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಒಂದೇ ಒಂದು ಉದ್ದನೆಯ ಕೋಣೆ. ಅಪ್ಪ ಮೋಟಾರ್ ವೈಂಡಿಂಗ್ ಮಾಡುತ್ತಿದ್ದ. ಸುತ್ತಲ ಹಳ್ಳಿಗಳಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳೆಲ್ಲ ಬಂದು ನಮ್ಮ ಬಾಗಿಲ ಮುಂದೆ ಬೀಳುತ್ತಿದ್ದವು. ಅಪ್ಪ ಅವುಗಳ ಹೊಟ್ಟೆಯಿಂದ ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಚ್ಚಿ ಒಣಗಿಸುತ್ತಿದ್ದ. ಆ ವಾಸನೆ ನಮ್ಮ ಹಾಸಿಗೆ, ಬಟ್ಟೆ, ಸಾರು ಎಲ್ಲದರಲ್ಲೂ ಇತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರಬೇಕಾದ ಹುಡುಗಿಯರು ಮೂಗು ಮುಚ್ಚಿಕೊಂಡು ಜಾಗ ಬದಲಾಯಿಸುತ್ತಿದ್ದರು. ನನಗೇನೂ ಅನ್ನಿಸುತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅನ್ನಿಸುತ್ತಿತ್ತು. ಆದರೆ ಮನೆಗೆ ಬಂದು ಹೇಳಿಕೊಳ್ಳೋಣವೆಂದರೆ ಕೇಳಲು ಯಾರೂ ಇರಲಿಲ್ಲ. ನಾನು ಶಾಲೆಗೆ ಸೇರುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ಮನೆಯಲ್ಲಿ ಉಳಿದವರು ನಾನು, ಅಪ್ಪ, ಅಪ್ಪನ ತಾಯಿಯಾದ ನಮ್ಮ ಅಜ್ಜಿ. ಮೂವರೂ ಒಂದೇ ಕೋಣೆಯಲ್ಲಿ ಉಣ್ಣುತ್ತಿದ್ದೆವು, ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಊಟದ ಹೊತ್ತಿನಲ್ಲಿ ಕೇಳುತ್ತಿದ್ದದ್ದು ಸಾರು ಸುರಿಯುವ ಸದ್ದು, ಆಮೇಲೆ ಅಪ್ಪ ತಟ್ಟೆಯಲ್ಲೇ ಕೈ ತೊಳೆಯುವ ಸದ್ದು.

ಅಜ್ಜಿ ಆಂಧ್ರದ ಗಡಿಯ ನಂಗಲಿಯವಳು. ಪ್ರೀತಿ ಬಂದರೆ ಕನ್ನಡ, ಕೋಪ ಬಂದರೆ ತೆಲುಗು. ನನಗೆ ತೆಲುಗು ಚೆನ್ನಾಗಿ ಬರುವುದಕ್ಕೆ ಕಾರಣ ಅದೇ. ಮನೆಯಲ್ಲಿ ಅವಳದೊಂದು ಕಾನೂನು ಇತ್ತು: ಸುತ್ತುವುದೇನಿದ್ದರೂ ಬಲಕ್ಕೆ ಸುತ್ತಬೇಕು. ತುಳಸಿಗೆ ಸುತ್ತು ಬರುವುದು, ಆರತಿ ಎತ್ತುವುದು ಎಲ್ಲರ ಮನೆಯಲ್ಲೂ ಬಲಕ್ಕೇ. ನಮ್ಮ ಮನೆಯಲ್ಲಿ ಮುದ್ದೆ ತೊಳಸುವ ಹಿಟ್ಟಿನ ಕೋಲೂ ಬಲಕ್ಕೇ ತಿರುಗಬೇಕು, ಸಾರಿನ ಸೌಟೂ ಬಲಕ್ಕೇ, ರಂಗೋಲಿಯ ಸುಳಿಯೂ ಬಲಕ್ಕೇ. ನಾನು ಅಂಗಳದ ಮೋಟಾರುಗಳ ಸುತ್ತ ಎಡಕ್ಕೆ ಓಡಿದರೆ ಒಳಗಿನಿಂದಲೇ ಕೂಗು ಬರುತ್ತಿತ್ತು.

"ಏಮೇ ಅಮ್ಮಾಯಿ, ಎಡಕ್ಕೆ ಯಾಕೇ ಸುತ್ತುತೀಯ? ಈ ಕಡೆ ಬಾ!"

ಯಾಕೆ ಎಂದು ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿರಲಿಲ್ಲ. ನಾನು ಬಲಕ್ಕೆ ಓಡುತ್ತಿದ್ದೆ.

ಆ ಉದ್ದನೆಯ ಕೋಣೆಯಲ್ಲಿ ಗೋಡೆಗೆ ಸೇರಿಸಿದ ಒಂದು ಮರದ ಬೀರುವಿತ್ತು. ಅದರ ಬಾಗಿಲಿನ ಒಳಮೈಗೆ ಅಮ್ಮ ಒಂದು ಚಿತ್ರ ಅಂಟಿಸಿದ್ದಳು. ಯಾವುದೋ ವಿದೇಶಿ ಪತ್ರಿಕೆಯ ಹಾಳೆ. ಬೆಂಗಳೂರಿನಿಂದ ಬೇರಿಂಗಿಗೆ ಸುತ್ತಿ ಬಂದದ್ದಂತೆ. ಅದರಲ್ಲಿ ಕಿತ್ತಳೆ ಬಣ್ಣದ ಒಂದು ರೇಸಿನ ದೋಣಿ ನೀರಿನಿಂದ ಮೇಲೆದ್ದು ಹಾರುತ್ತಿತ್ತು. ಹಿಂದೆ ಬಿಳಿ ನೀರಿನ ಗೋಡೆ. ಅಮ್ಮನಿಗೆ ಅದು ಯಾಕೆ ಇಷ್ಟವಾಯಿತೋ ಯಾರಿಗೂ ಗೊತ್ತಿಲ್ಲ. ಕೆರೆಗಳೆಲ್ಲ ಒಣಗಿ ಆಟದ ಬಯಲಾಗಿದ್ದ ಸೀಮೆಯಲ್ಲಿ ಹುಟ್ಟಿದವಳು, ಅಷ್ಟೊಂದು ನೀರನ್ನು ಒಟ್ಟಿಗೆ ನೋಡಿ ಖುಷಿಪಟ್ಟಿರಬೇಕು. ಅವಳ ಫೋಟೋ ಮನೆಯಲ್ಲಿ ಒಂದೇ ಇತ್ತು, ಅಜ್ಜಿಯ ಟ್ರಂಕಿನ ತಳದಲ್ಲಿ. ಅಪ್ಪ ಅವಳ ಹೆಸರು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅವಳ ಸೀರೆಗಳು ಯಾರ ಯಾರ ಮನೆಗೋ ಹೋಗಿದ್ದವು. ಚಿತ್ರ ಮಾತ್ರ ಅಲ್ಲೇ ಇತ್ತು. ಅಂಗಿ ತೆಗೆದುಕೊಳ್ಳಲು ಬೀರು ತೆರೆದ ಅಪ್ಪ ಅಂಗಿ ಮರೆತು ನಿಂತಿರುತ್ತಿದ್ದ.

ಒಂದು ದಿನ ಅವನು ಆ ಚಿತ್ರದ ಮೇಲೆ ಸ್ಕೇಲು ಇಟ್ಟು ಅಳೆಯತೊಡಗಿದ. ನಮ್ಮ ಮನೆಗೆ ಮೊಳದುದ್ದದ ದೋಣಿಗಳು ಬಂದದ್ದು ಹೀಗೆ.

ಚಹಾ ಪೆಟ್ಟಿಗೆಯ ತೆಳು ಪ್ಲೈವುಡ್ಡನ್ನು ಅವನು ಬ್ಲೇಡಿನಲ್ಲಿ ಕೊಯ್ಯುತ್ತಿದ್ದ, ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸುತ್ತಿದ್ದ, ಅಂಟು ಹಚ್ಚಿ ಬಟ್ಟೆಯ ಕ್ಲಿಪ್ಪುಗಳಿಂದ ಹಿಡಿಸುತ್ತಿದ್ದ. ಒಗೆದ ಬಟ್ಟೆ ಗಾಳಿಗೆ ಹಾರಿಹೋಗಿ ಅಜ್ಜಿ ಕ್ಲಿಪ್ಪಿಗಾಗಿ ಮನೆಯೆಲ್ಲ ಹುಡುಕುತ್ತಿದ್ದಳು. ಹಳೆಯ ಕಾರಿನ ವೈಪರ್ ಮೋಟಾರೊಂದನ್ನು ಬಿಚ್ಚಿ ದಪ್ಪ ತಂತಿ ಸುತ್ತಿ ಅದಕ್ಕೆ ಹುಚ್ಚು ಹಿಡಿಸಿದ. ಹಿತ್ತಾಳೆಯ ತಗಡನ್ನು ಅರದಿಂದ ಉಜ್ಜಿ ದೋಣಿಯನ್ನು ತಳ್ಳುವ ಫ್ಯಾನು ಮಾಡಿದ. ವಿಮಾನದ ಮಾಡೆಲ್ ಹಾರಿಸುತ್ತಿದ್ದ ಬೆಂಗಳೂರಿನ ಗೆಳೆಯನೊಬ್ಬ ತನ್ನ ಹಳೆಯ ರೇಡಿಯೋ ಸೆಟ್ಟು ಕೊಟ್ಟ: ಕೈಯಲ್ಲಿ ಹಿಡಿಯಲು ಒಂದು ಡಬ್ಬಿ, ದೋಣಿಯೊಳಗೆ ಕೂರಿಸಲು ಇನ್ನೊಂದು. ಈ ಡಬ್ಬಿಯ ಕಡ್ಡಿ ಅಲ್ಲಾಡಿಸಿದರೆ ಆ ದೋಣಿಯ ಚುಕ್ಕಾಣಿ ಅಲ್ಲಾಡುತ್ತಿತ್ತು. ತಂತಿಯಿಲ್ಲ, ದಾರವಿಲ್ಲ. ನಾನು ಮೊದಲ ಸಲ ನೋಡಿದಾಗ ಅಜ್ಜಿಯ ಹಿಂದೆ ಅವಿತುಕೊಂಡೆ. ಅಜ್ಜಿ ನನ್ನ ಹಿಂದೆ ಅವಿತುಕೊಳ್ಳಲು ನೋಡುತ್ತಿದ್ದಳು.

"ಅಪ್ಪಾ, ಇದು ನೀರಲ್ಲಿ ಮುಳುಗಲ್ವಾ?"

"ಇದು ನೀರಲ್ಲಿ ಹೋಗೋದಲ್ಲ ಕಣೇ, ನೀರಿನ ಮೇಲೆ ಹೋಗೋದು. ಹೈಡ್ರೋಪ್ಲೇನ್ ಅಂತಾರೆ. ಮುಂದೆ ಎರಡು ಕೆನ್ನೆ ಅವೆಯಲ್ಲ, ಅವು, ಹಿಂದೆ ಅರ್ಧ ಫ್ಯಾನು, ಇಷ್ಟೇ ನೀರಿಗೆ ತಾಗೋದು."

ಅಪ್ಪ ನನ್ನ ಜೊತೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಆಗಲೇ ತೀರ್ಮಾನಿಸಿದೆ, ದೋಣಿಯ ಪಕ್ಕ ಬಿಟ್ಟು ಏಳಬಾರದು ಎಂದು.

ಚಿತ್ರದಲ್ಲಿ ಇದ್ದ ಹಾಗೆಯೇ ದೋಣಿ ಇರಬೇಕು ಎಂಬುದು ಅವನ ಹಟ. ಕಿತ್ತಳೆ ಬಣ್ಣ ಒಂದಿಷ್ಟು ಹಳದಿಗೆ ತಿರುಗಿದರೂ ಉಜ್ಜಿ ಮತ್ತೆ ಬಳಿಯುತ್ತಿದ್ದ. ಚಿತ್ರದಲ್ಲಿ ಹಾರಿದ ದೋಣಿಯ ಎಡಕೆನ್ನೆಯ ಹಿಂದೆ, ನೀರಿನ ಕಡೆ ಇಳಿಬಿದ್ದ ಒಂದು ಲೋಹದ ರೆಕ್ಕೆ ಕಾಣುತ್ತಿತ್ತು, ಕುಡುಗೋಲಿನ ಅಲಗಿನಷ್ಟು ತೆಳ್ಳಗೆ. ತಿರುವಿನಲ್ಲಿ ದೋಣಿ ಪಕ್ಕಕ್ಕೆ ಜಾರದಂತೆ ನೀರನ್ನು ಕಚ್ಚಿಕೊಳ್ಳುವುದು ಅದರ ಕೆಲಸ. ಅಪ್ಪ ಅಲ್ಯೂಮಿನಿಯಂ ತಗಡಿನಲ್ಲಿ ಅಂಥದ್ದನ್ನೇ ಮಾಡಿ ಎಡಗಡೆ ಕೂರಿಸಿದ. ಬಲಗಡೆ ಏನಿದೆಯೋ ಚಿತ್ರದಲ್ಲಿ ಕಾಣುತ್ತಿರಲಿಲ್ಲ. ಅಲ್ಲಿ ಏನೂ ಹಾಕಲಿಲ್ಲ.

ಒಂದು ದೋಣಿಯಿಂದ ರೇಸ್ ಆಗುವುದಿಲ್ಲ. ಇಡೀ ಕೋಲಾರ ಜಿಲ್ಲೆಯಲ್ಲಿ ಇನ್ನೊಬ್ಬ ಇಂಥ ದೋಣಿ ಇಟ್ಟುಕೊಂಡವನು ಇದ್ದನೋ ಇಲ್ಲವೋ, ನಮಗಂತೂ ಸಿಗಲಿಲ್ಲ. ಅಪ್ಪ ಅಂಥದ್ದೇ ಇನ್ನೊಂದು ದೋಣಿ ಮಾಡಿದ, ಇನ್ನೊಂದು ಸೆಟ್ಟು ತರಿಸಿದ, ಅದರ ಆಂಟೆನಾಗೆ ಹಳದಿ ರಿಬ್ಬನ್ ಕಟ್ಟಿ ನನ್ನ ಕೈಗೆ ಕೊಟ್ಟ. ಅವನದಕ್ಕೆ ಕೆಂಪು ರಿಬ್ಬನ್. ಆಯುಧಪೂಜೆಯ ದಿನ ವೈಂಡಿಂಗ್ ಮೆಷಿನ್ನಿನ ಪಕ್ಕ ಎರಡು ದೋಣಿಗಳೂ ಕೂತವು. ಅಜ್ಜಿ ಗೊಣಗುತ್ತಲೇ ಕುಂಕುಮ ಇಟ್ಟು, ಚೆಂಡುಹೂವು ಮುಡಿಸಿ, ಬಲಕ್ಕೆ ಆರತಿ ಎತ್ತಿದಳು. ಎದುರಿನ ಸೈಕಲ್ ಅಂಗಡಿಯ ಮುನಿಯಣ್ಣ ಮಂಡಕ್ಕಿ ತಿನ್ನುತ್ತ ಬಾಗಿಲಲ್ಲಿ ನಿಂತಿದ್ದ.

"ನಾರಾಯಣಸ್ವಾಮಿ, ಕೆರೆಯಾಗೆ ಹುಡುಗರು ಕ್ರಿಕೆಟ್ ಆಡ್ತಾ ಅವ್ರೆ, ನೀನು ದೋಣಿ ಮಾಡ್ತೀಯಲ್ಲಪ್ಪ! ಎಲ್ಲಿ ಬಿಡ್ತೀಯಾ, ಬಚ್ಚಲಾಗಾ?"

ಮಾವಿನ ಮಂಡಿಯಲ್ಲಿ ಆ ಮಾತು ವರ್ಷವೆಲ್ಲ ಓಡಾಡಿತು. ಆದರೆ ನೀರು ತೋರಿಸಿಕೊಟ್ಟವನೂ ಮುನಿಯಣ್ಣನೇ. ಮುಳಬಾಗಿಲು ರಸ್ತೆಯಲ್ಲಿ ಕೆಲಸ ನಿಂತುಹೋಗಿದ್ದ ಒಂದು ಕಲ್ಲು ಕ್ವಾರಿ ಇತ್ತು. ಅದರ ಗುಂಡಿಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತಿತ್ತು. ಸುತ್ತ ಕೊಯ್ದ ಬಂಡೆ, ನಡುವೆ ಅಲುಗಾಡದ ಹಸಿರು ನೀರು. ನಾವು ಮಾತಾಡಿದ್ದು ಬಂಡೆಗೆ ತಾಗಿ ವಾಪಸು ಬರುತ್ತಿತ್ತು. ಮಾತಾಡಿದಾಗ, ಅಷ್ಟೇ.

ಭಾನುವಾರ ಬೆಳಗಾದರೆ ಹೊರಡುತ್ತಿದ್ದೆವು. ಅಪ್ಪನ ಸ್ಕೂಟರಿನ ಮುಂದೆ ದೋಣಿಗಳ ಪೆಟ್ಟಿಗೆ, ಹಿಂದೆ ನಾನು, ನನ್ನ ಕೊರಳಿಗೆ ಗಾಳಿ ತುಂಬಿದ ಲಾರಿ ಟ್ಯೂಬು. ದಾರಿಯ ಜನ ನಿಂತು ನೋಡುತ್ತಿದ್ದರು. ಅಪ್ಪ ನೀರಿನಲ್ಲಿ ಎರಡು ಬಿಳಿ ಎಣ್ಣೆ ಡಬ್ಬಗಳನ್ನು ಕಲ್ಲು ಕಟ್ಟಿ ತೇಲಿಬಿಟ್ಟಿದ್ದ. ಅವುಗಳ ಸುತ್ತ ಮೂರು ಸುತ್ತು ಬಂದರೆ ರೇಸ್ ಮುಗಿದಂತೆ. ಸುತ್ತುವುದು ಬಲಕ್ಕೆ, ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ಅಪ್ಪ ಹೇಳಿಕೊಟ್ಟ ನಿಯಮ ಎರಡೇ. ಒಬ್ಬರ ದೋಣಿ ಮಗುಚಿದರೂ ರೇಸ್ ರದ್ದು. ಇನ್ನೊಂದು:

"ಮೊದಲು ಮುಗಿಸ್ದೋರು ಸೆಟ್ ಆಫ್ ಮಾಡಿ ಹೊರಟುಬಿಡಬಾರ್ದು. ಇನ್ನೊಬ್ಬರು ದಡ ಸೇರೋ ತನಕ ನಿಂತಿರಬೇಕು. ತಿಳೀತಾ?"

ತಿಳಿದಿತ್ತು. ಆದರೆ ಆ ನಿಯಮ ಬಳಸುವ ಸಂದರ್ಭವೇ ಬರುತ್ತಿರಲಿಲ್ಲ. ದೋಣಿಗಳು ನೇರ ದಾರಿಯಲ್ಲಿ ಚೆನ್ನಾಗಿ ಹೋಗುತ್ತಿದ್ದವು. ಮೂಗು ಎತ್ತಿ, ಕಿರುಚಿ, ಹಿಂದೆ ನೀರು ಚಿಮ್ಮಿಸಿ, ಥೇಟ್ ಬೀರುವಿನ ಚಿತ್ರದ ಹಾಗೆ. ಮೊದಲ ಡಬ್ಬದ ಹತ್ತಿರ ಬಲಕ್ಕೆ ತಿರುಗಿಸಿದ ಕೂಡಲೇ ಎಡಗಡೆ ತಗ್ಗಿ, ಆ ರೆಕ್ಕೆಗೆ ಎಡವಿದಂತಾಗಿ, ಪಲ್ಟಿ. ಅವನದಾದರೂ ಅಷ್ಟೇ, ನನ್ನದಾದರೂ ಅಷ್ಟೇ. ಕಿರುಚಾಟ ನಿಂತು ಗುಂಡಿಯೆಲ್ಲ ಸುಮ್ಮನಾಗುತ್ತಿತ್ತು. ಅಪ್ಪ ಪ್ಯಾಂಟು ಕಳಚಿಟ್ಟು, ಟ್ಯೂಬಿನಲ್ಲಿ ಕೂತು, ಕೈಯಿಂದ ನೀರು ಹಿಂದಕ್ಕೆ ತಳ್ಳುತ್ತ ದೋಣಿ ತರಲು ಹೋಗುತ್ತಿದ್ದ. ನಾನು ದಡದಲ್ಲಿ ಕೆಂಪು ರಿಬ್ಬನ್ನಿನದೊಂದು, ಹಳದಿಯದೊಂದು, ಎರಡೂ ರೇಡಿಯೋ ಡಬ್ಬಿ ಹಿಡಿದು ನಿಂತಿರುತ್ತಿದ್ದೆ. ನೀರಿನ ನಡುವೆ ಅಪ್ಪನ ಬೆನ್ನು ಚಿಕ್ಕದಾಗುತ್ತ ಹೋಗುತ್ತಿತ್ತು. ದಡಕ್ಕೆ ವಾಪಸು ಬಂದು ದೋಣಿ ಒರೆಸುತ್ತ ಅವನು ಹೇಳುತ್ತಿದ್ದದ್ದು ಒಂದೇ.

"ಮುಂದಿನ ವಾರ ನೋಡಾಣ."

ಸ್ಕೂಟರು ಮನೆ ಸೇರುವವರೆಗೂ ಮತ್ತೆ ಮಾತಿಲ್ಲ. ನನಗೆ ಗೆಲ್ಲುವುದು ಬೇಕಿರಲಿಲ್ಲ. ಅಪ್ಪನ ಜೊತೆ ಒಂದು ಪೂರ್ತಿ ರೇಸ್ ಬೇಕಿತ್ತು. ಅವನ ಪಕ್ಕ ನಿಂತು, ಮೂರು ಸುತ್ತು ಮುಗಿಯುವವರೆಗೂ. ಅದಕ್ಕಿಂತ ದೊಡ್ಡ ಆಸೆ ಆ ವಯಸ್ಸಿನಲ್ಲಿ ನನಗಿರಲಿಲ್ಲ. ಅಪ್ಪ ಬ್ಯಾಟರಿ ಹಿಂದಕ್ಕೆ ಸರಿಸಿದ, ಮುಂದಕ್ಕೆ ಸರಿಸಿದ, ಕೆನ್ನೆ ಅಗಲ ಮಾಡಿದ, ಫ್ಯಾನು ಬದಲಾಯಿಸಿದ. ರೆಕ್ಕೆಯನ್ನು ಮಾತ್ರ ಮುಟ್ಟಲಿಲ್ಲ.

ಗುಟ್ಟು ನನಗೆ ಗೊತ್ತಾದದ್ದು ಶಾಲೆಯ ಜಗಲಿಯ ಕಂಬದಿಂದ. ಊಟದ ಬಿಡುವಿನಲ್ಲಿ ಬೇರೆಯವರು ಗುಂಪು ಕಟ್ಟಿ ಆಡುತ್ತಿದ್ದರು; ನಾನು ಒಬ್ಬಳೇ ಕಂಬ ಹಿಡಿದು ಗಿರಗಿರ ಸುತ್ತುತ್ತಿದ್ದೆ. ಅಲ್ಲಿ ಅಜ್ಜಿ ಇರಲಿಲ್ಲವಾದ್ದರಿಂದ ಎಡಕ್ಕೂ ಸುತ್ತುತ್ತಿದ್ದೆ. ಎಡಕ್ಕೆ ಸುತ್ತುವಾಗ ಎಡಗೈ ಕಂಬ ಹಿಡಿದಿರಬೇಕು. ಒಳಗಿನ ಕೈ. ಓಡಿಬಂದು ಅದರಿಂದ ಹಿಡಿದರೆ ಎಷ್ಟೇ ಜೋರಾಗಿದ್ದರೂ ಕಂಬ ನಮ್ಮನ್ನು ಬಿಡುವುದಿಲ್ಲ. ಅದೇ ಎಡಗೈಯಲ್ಲಿ ಹಿಡಿದು ಬಲಕ್ಕೆ ತಿರುಗಲು ಹೋದೆ, ಕಾಲಿಗೆ ಕಾಲು ತೊಡರಿ ಮುಗ್ಗರಿಸಿದೆ. ಮಂಡಿ ತರಚಿತು. ತರಚಿದ ಮಂಡಿಯನ್ನೇ ನೋಡುತ್ತ ಕೂತಿದ್ದಾಗ ಹೊಳೆಯಿತು: ದೋಣಿಯ ರೆಕ್ಕೆ ಅದರ ಎಡಗೈ. ಅದು ಎಡಕ್ಕೆ ಸುತ್ತಲು ಹುಟ್ಟಿದ ದೋಣಿ!

ಓಡಿಬಂದು ಮೊದಲು ಅಜ್ಜಿಗೆ ಹೇಳಿದೆ. ಅವಳು ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಕೋಲು ನಿಂತಿತು. ತೆಲುಗು ಬರುತ್ತದೆಂದು ಕಾದೆ. ಬರಲಿಲ್ಲ.

"ಎಡಕ್ಕೆ ಸುತ್ತೋದು ಸತ್ತೋರಿಗೆ ಕಣಮ್ಮ. ಮಡಕೆ ಹೊತ್ಕೊಂಡು ಚಿತೆ ಸುತ್ತ ಎಡಕ್ಕೆ ಮೂರು ಸುತ್ತು ಬರಬೇಕು. ಆ ಸುತ್ತು ನಿಮ್ಮಪ್ಪ ಒಂದ್ಸಲ ಸುತ್ತವ್ನೆ. ನಿಮ್ಮಮ್ಮಂಗೆ. ಎರಡನೇ ಸುತ್ತಲ್ಲೇ ಬಿದ್ಬಿಟ್ಟ. ಹಿಡ್ಕೊಂಡು ಮುಗಿಸಿದ್ರು."

ಅಮ್ಮ ಹೋದ ದಿನ ನನ್ನನ್ನು ಯಾರದೋ ಮನೆಯಲ್ಲಿ ಕೂರಿಸಿ ಬಿಸ್ಕತ್ತು ಕೊಟ್ಟಿದ್ದರು. ಆ ಬಿಸ್ಕತ್ತು ಮಾತ್ರ ನನ್ನ ನೆನಪಿನಲ್ಲಿತ್ತು. ಈಗ ಅಜ್ಜಿ ಮತ್ತೆ ಕೋಲು ಹಿಡಿದಳು, ಬಲಕ್ಕೆ ತಿರುಗಿಸಿದಳು. ಈ ಮನೆಯಲ್ಲಿ ಸೌಟು ಕೂಡ ಯಾಕೆ ಎಡಕ್ಕೆ ತಿರುಗುವುದಿಲ್ಲ ಎಂಬುದು ನನಗೆ ಅಂದು ಅರ್ಥವಾಯಿತು. ಅವಳು ಮಗನ ಕಣ್ಣಿಗೆ ಆ ಸುತ್ತು ಬೀಳದ ಹಾಗೆ ಇಷ್ಟು ವರ್ಷ ಕಾಯ್ದುಕೊಂಡು ಬಂದಿದ್ದಳು.

ಆದರೂ ನಾನು ಅಂಗಡಿಗೆ ಹೋದೆ. ಮಕ್ಕಳಿಗೆ ಕರುಣೆಗಿಂತ ಆಸೆ ಹೆಚ್ಚು. ಅಪ್ಪ ಬಾಯಲ್ಲಿ ಎಣಿಸುತ್ತ ತಂತಿ ಸುತ್ತುತ್ತಿದ್ದ.

"ಅಪ್ಪಾ, ದೋಣಿ ಯಾಕೆ ಪಲ್ಟಿ ಹೊಡೀತದೆ ಅಂತ ನಂಗೆ ಗೊತ್ತಾಯ್ತು. ರೆಕ್ಕೆ ತಪ್ಪು ಕಡೆ ಇದೆ."

"ನಂಗೂ ಗೊತ್ತು."

"ಮತ್ತೆ? ಬಲಗಡೆ ಹಾಕು."

"ಚಿತ್ರದಲ್ಲಿ ಎಡಗಡೆ ಐತೆ."

"ಹಂಗಾದ್ರೆ ನಾವೇ ಎಡಕ್ಕೆ ಸುತ್ತಾಣ."

ಅವನ ಕೈ ತಂತಿ ಸುತ್ತುತ್ತಲೇ ಇತ್ತು, ಬಾಯಿ ಎಣಿಸುವುದನ್ನು ನಿಲ್ಲಿಸಿತ್ತು. ಸ್ವಲ್ಪ ಹೊತ್ತಿನ ಮೇಲೆ ಲೆಕ್ಕ ತಪ್ಪಿದ್ದು ಗೊತ್ತಾಗಿ, ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಮೊದಲಿಂದ ಶುರುಮಾಡಿದ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ವಾರವಾರ ಟ್ಯೂಬಿನಲ್ಲಿ ಕೂತು ಮಗುಚಿದ ದೋಣಿ ತರುತ್ತಿದ್ದ. ಅಮ್ಮ ಅಂಟಿಸಿದ ಚಿತ್ರವನ್ನು ಕೆಡಿಸಲಾರ, ಅಮ್ಮನಿಗೆ ಸುತ್ತಿದ ಸುತ್ತನ್ನು ಮತ್ತೆ ಸುತ್ತಲಾರ. ನನಗೆ ಅಳು ಬಂತು, ಅದರ ಜೊತೆಗೇ ಸಿಟ್ಟೂ ಬಂತು. ಅಪ್ಪ, ಅಜ್ಜಿ ಇಬ್ಬರೂ ಸೇರಿ ಒಬ್ಬರನ್ನೊಬ್ಬರು ಕಾಯುತ್ತಿದ್ದಾರೆ, ನನ್ನನ್ನು ಯಾರೂ ನೋಡುತ್ತಿಲ್ಲ ಎಂದು.

ಆ ಭಾನುವಾರ ಅಜ್ಜಿಯೂ ಹೊರಟು ನಿಂತಳು. ಯಾಕೆಂದು ಹೇಳಲಿಲ್ಲ. ಮುನಿಯಣ್ಣ ಯಾರದೋ ವ್ಯಾನು ತಂದ. ಅಜ್ಜಿ ಬಂಡೆಯ ನೆರಳಿನಲ್ಲಿ ಸೆರಗು ಹೊದ್ದು ಕೂತಳು, ಎಲೆಅಡಿಕೆ ಚೀಲವನ್ನೂ ಬಿಚ್ಚಲಿಲ್ಲ. ದೋಣಿಗಳು ಹೊರಟವು. ಎರಡೂ ಜೊತೆಯಾಗಿ ಡಬ್ಬದ ಕಡೆ ನುಗ್ಗಿದವು. ಅಪ್ಪನದು ಬಲಕ್ಕೆ ತಿರುಗಿತು, ಎಡವಿತು, ಮಗುಚಿತು. ನಾನು ನನ್ನ ಕಡ್ಡಿಯನ್ನು ಎಡಕ್ಕೆ ಒತ್ತಿ ಹಿಡಿದೆ.

ದೋಣಿ ನೀರನ್ನು ಕಚ್ಚಿಕೊಂಡಿತು. ಅಷ್ಟು ಸಲೀಸಾಗಿ, ಅಷ್ಟು ಜೋರಾಗಿ ಅದು ತಿರುಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಡಬ್ಬವನ್ನು ಸವರಿಕೊಂಡು ಸುತ್ತಿ ಬಂದು, ಎರಡನೇ ಡಬ್ಬವನ್ನೂ ಸುತ್ತಿತು. ಹಿಂದೆ ನೀರಿನ ಬಿಳಿ ಗೋಡೆ ಎದ್ದಿತು. ಮುನಿಯಣ್ಣ ಶಿಳ್ಳೆ ಹೊಡೆದ. ನಾನು ಅಪ್ಪನ ಮುಖ ನೋಡಿದೆ. ಅವನು ದೋಣಿಯನ್ನು ನೋಡುತ್ತಿರಲಿಲ್ಲ, ತನ್ನ ಕಾಲ ಹತ್ತಿರದ ಕಲ್ಲನ್ನು ನೋಡುತ್ತಿದ್ದ. ಆಮೇಲೆ ಟ್ಯೂಬಿನಲ್ಲಿ ಕೂತು ತನ್ನ ದೋಣಿ ತರಲು ಹೋದ. ನನ್ನ ದೋಣಿ ಅವನಿಂದ ದೂರದಲ್ಲಿ ಒಂದೇ ಸಮ ಸುತ್ತುತ್ತಿತ್ತು. ಗೆದ್ದೆ ಎಂದು ಅನ್ನಿಸಲೇ ಇಲ್ಲ. ಜೊತೆಗೆ ಯಾರೂ ಇಲ್ಲದೆ ಸುತ್ತುವುದು ಎಂಥ ಕೆಟ್ಟ ಕೆಲಸ ಎಂದು ಮಾತ್ರ ಅನ್ನಿಸಿತು. ದೋಣಿಯನ್ನು ದಡಕ್ಕೆ ತಂದು ನಿಲ್ಲಿಸಿದೆ.

ಅಪ್ಪ ಬಂದು ದೋಣಿ ಒರೆಸಿದ. ನೀರು ಹೊರಚೆಲ್ಲಿದ. "ಮುಂದಿನ ವಾರ..." ಎಂದು ಬಾಯಿ ತೆಗೆದ.

"ಏ ನಾರಾಯಣ," ಬಂಡೆಯ ನೆರಳಿಂದ ಅಜ್ಜಿ ಕೂಗಿದಳು. ಕ್ವಾರಿಯೆಲ್ಲ ಕೂಗಿದ ಹಾಗಾಯಿತು. "ಈಗಲೇ ಬಿಡೋ. ಎಡಕ್ಕೇ ಬಿಡು. ಆ ಮಗು ಒಂಟಿಯಾಗಿ ಸುತ್ತುತಾ ಇದ್ದದ್ದು ಕಾಣ್ಲಿಲ್ವೇನೋ ನಿಂಗೆ?"

ಅಪ್ಪ ಅವಳ ಕಡೆ ನೋಡಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವನು ಬ್ಯಾಟರಿ ಬದಲಾಯಿಸಲು ಬಹಳ ಹೊತ್ತು ತೆಗೆದುಕೊಂಡ.  ಕೊನೆಗೆ ದೋಣಿಯನ್ನು ನೀರಿಗಿಟ್ಟು ನನ್ನ ಪಕ್ಕ ಬಂದು ನಿಂತ.

ನಾವು ಎಡಕ್ಕೆ ಸುತ್ತಿದೆವು. ಎರಡು ದೋಣಿಗಳು, ಎರಡು ಡಬ್ಬಗಳು. ಎರಡನೇ ಸುತ್ತಿನಲ್ಲಿ ಅಪ್ಪನ ಉಸಿರು ನಿಂತ ಹಾಗಾಯಿತು. ನಾನು ರೇಡಿಯೋ ಡಬ್ಬಿ ಬಿಡದೆ ನನ್ನ ಮೊಣಕೈಯನ್ನು ಅವನ ತೊಡೆಗೆ ಒತ್ತಿ ನಿಂತೆ. ಸುತ್ತು ಮುಗಿಯಿತು. ಮೂರನೆಯದೂ ಮುಗಿಯಿತು. ಅವನೇ ಗೆದ್ದ. ಗೆದ್ದವನು ಸೆಟ್ಟು ಕೈಯಲ್ಲೇ ಹಿಡಿದು, ನನ್ನ ದೋಣಿ ದಡ ಸೇರುವವರೆಗೆ ನಿಂತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ನಿಮ್ಮಮ್ಮ ಸರೋಜ ಇದ್ದಿದ್ರೆ, ನೀನೇ ಗೆದ್ದೆ ಅಂತ ಜಗಳ ಆಡೋಳು," ಎಂದ.

ಆ ಹೆಸರನ್ನು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅಂದು ಮಧ್ಯಾಹ್ನ ಊಟದಲ್ಲಿ ಇನ್ನೂ ಎರಡು ಸಲ ಹೇಳಿದ. ಅಜ್ಜಿ ಟ್ರಂಕಿನ ತಳದಿಂದ ಫೋಟೋ ತೆಗೆದು ಬೀರುವಿನ ಮೇಲಿಟ್ಟಳು. ಮನೆ ಅಂದಿನಿಂದ ಗಲಗಲ ಎಂದಿತು ಎಂದೇನೂ ಅಲ್ಲ. ನಾವು ಮಾತು ಕಡಿಮೆಯ ಜನ, ಹಾಗೇ ಉಳಿದೆವು. ವಾರ್ನಿಷ್ ವಾಸನೆಯೂ ಹಾಗೇ ಉಳಿಯಿತು.

ಈಗ ಅಂಗಡಿ ನನ್ನದು. ಕೆರೆಗಳಿಗೆ ಬೆಂಗಳೂರಿನ ಕಡೆಯಿಂದ ಪೈಪಿನಲ್ಲಿ ನೀರು ಬಂದು ಅವು ತುಂಬಿವೆ. ಕೊನೆಯ ವರ್ಷಗಳಲ್ಲಿ ಅಪ್ಪ ಏರಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, ಹುಡುಗರು ಆನ್‌ಲೈನಿನಲ್ಲಿ ತರಿಸಿದ ದೋಣಿಗಳನ್ನು ನೋಡಿ ಬೈಯುತ್ತಿದ್ದ. ಅಜ್ಜಿ ಹೋಗಿ ಬಹಳ ಕಾಲವಾಗಿತ್ತು. ಕಳೆದ ವರ್ಷ ಅಪ್ಪನೂ ಹೋದ. ಮಡಕೆ ಯಾರು ಹೊರಬೇಕು ಎಂದು ನೆಂಟರು ಗುಸುಗುಸು ಮಾಡುತ್ತಿದ್ದಾಗ ನಾನೇ ಹೋಗಿ ಎಡಹೆಗಲಿಗೆ ಎತ್ತಿಕೊಂಡೆ.

"ಎಡಕ್ಕಮ್ಮಾ, ಎಡಕ್ಕೆ," ಎಂದು ಪುರೋಹಿತರು ನೆನಪಿಸಿದರು.

ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರು ಸುತ್ತು ಬಂದೆ. ಎಡವಲಿಲ್ಲ. ಮಡಕೆ ಹಿಂದಕ್ಕೆ ಬಿಟ್ಟು, ಬೆಂಕಿ ಇಟ್ಟ ಮೇಲೆ, ತಿರುಗಿ ನೋಡದೆ ಹೊರಟುಬಿಡಬೇಕು ಎಂದರು. ಎಲ್ಲರೂ ಹಾಗೇ ಹೊರಟರು.

ನಮ್ಮ ಮನೆಯ ನಿಯಮ ಬೇರೆ. ಇನ್ನೊಬ್ಬರು ದಡ ಸೇರುವ ತನಕ ನಿಂತಿರಬೇಕು. ನಾನು ನಿಂತೆ.